ಕಾಚಂಪುಳಿಯೊಂದಿಗೆ ದೆಹಲಿ ದರ್ಶನ

ಕೊಡಗಿನಲ್ಲಿ ಕಣ್ಣಿಗೆ ಕಾಣುವುದೆಲ್ಲ ಹತ್ತಿರದ್ದೇ ಆಗಿರುತ್ತದೆ; ದೂರದ್ದನ್ನು ಮಂಜೋ, ಮರವೋ, ರಸ್ತೆಯ ತಿರುವೋ ಮೊದಲೇ ಮುಚ್ಚಿಟ್ಟಿರುತ್ತದೆ. ಈ ಲೆಕ್ಕಾಚಾರವನ್ನೇ ನಂಬಿ ನಾನು ನವದೆಹಲಿಯ ಇಂಡಿಯಾ ಗೇಟಿನ ಎದುರು ಆಟೋದವನಿಗೆ ದುಡ್ಡು ಕೊಟ್ಟು ಕಳುಹಿಸಿಬಿಟ್ಟೆ. ನೇರ ರಸ್ತೆಯ ಇನ್ನೊಂದು ತುದಿಯಲ್ಲಿ ರಾಷ್ಟ್ರಪತಿ ಭವನದ ಗುಮ್ಮಟ ಅಷ್ಟು ಸ್ಪಷ್ಟವಾಗಿ ಕಾಣುತ್ತಿರುವಾಗ ಆಟೋ ಏಕೆಂಬುದು ನನ್ನ ವಾದ. ಜೊತೆಗಿದ್ದ ದೊಡ್ಡಮ್ಮನವರು ಮಡಿಕೇರಿಯಿಂದ ತಂದಿದ್ದ ಮರದ ಹಿಡಿಯ ಕರಿಕೊಡೆಯನ್ನು ನೆಲಕ್ಕೂರಿ, "ನಡಿ ಮಗಾ, ನಮ್ಮ ತೋಟದ ಗೇಟಿನಷ್ಟು ದೂರ" ಎಂದು ಅನುಮೋದಿಸಿದರು.

ಅದು ಸುಮಾರು 3 ಕಿಲೋಮೀಟರ್ ಇತ್ತು. ಅರ್ಧ ಗಂಟೆ ನಡೆದರೂ ಗುಮ್ಮಟ ಗೇಣುದ್ದವೂ ಬೆಳೆಯಲಿಲ್ಲ.

ಕೊನೆಗೆ ರೈಸಿನಾ ಬೆಟ್ಟದ ಬುಡ ಬಂತು. ಬೆಟ್ಟ ಹತ್ತಬೇಕೆಂದು ಕೇಳಿ ದೊಡ್ಡಮ್ಮನವರು ಬೆಳಿಗ್ಗೆಯೇ ಮಂಡಿಗೆ ಎಣ್ಣೆ ತಿಕ್ಕಿಕೊಂಡಿದ್ದರು. ಆದರೆ 1,748 ಮೀಟರ್ ಎತ್ತರದ ತಡಿಯಂಡಮೋಳ್ ಇರುವ ಜಿಲ್ಲೆಯವರು ಅಂಥ ಏರಿಗೆ ಹೆಸರನ್ನೂ ಇಡುವುದಿಲ್ಲ. ವಿಚಿತ್ರವೆಂದರೆ ನಾವು ಹತ್ತಿದಂತೆಲ್ಲ ಭವನ ನೆಲದೊಳಗೆ ಇಳಿಯತೊಡಗಿ, ಒಂದು ಹಂತದಲ್ಲಿ ಗುಮ್ಮಟದ ನೆತ್ತಿ ಮಾತ್ರ ಉಳಿಯಿತು. "ಹತ್ತಿರ ಬಂದರೆ ಮುಳುಗುವ ಮನೆಯನ್ನು ಯಾರು ಕಟ್ಟಿದ್ದು?" ಎಂದು ದೊಡ್ಡಮ್ಮನವರು ಸಿಟ್ಟಾದರು. ಕಟ್ಟಿಸಿದ ಎಡ್ವಿನ್ ಲ್ಯುಟೆನ್ಸ್ ಅವರ ಸಿಟ್ಟೂ ಇದೇ ಆಗಿತ್ತು. ಇಕ್ಕೆಲಗಳ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳನ್ನು ರೂಪಿಸಿದ ಹರ್ಬರ್ಟ್ ಬೇಕರ್ ಅವರೊಂದಿಗೆ ಈ ಇಳಿಜಾರಿನ ವಿಷಯಕ್ಕೇ ಅವರು ವರ್ಷಗಟ್ಟಲೆ ಜಗಳವಾಡಿ ಸೋತರು. 340 ಕೋಣೆಗಳಿರುವ ಮನೆ ಕಟ್ಟಿದವರಿಗೂ ದಾರಿಯ ತಕರಾರು ತಪ್ಪಲಿಲ್ಲವೆಂದು ತಿಳಿದು, ಪಕ್ಕದ ತೋಟದವರೊಂದಿಗೆ ಇನ್ನೂ ದಾರಿಯ ವ್ಯಾಜ್ಯ ಮುಗಿಯದ ನನಗೆ ಸಮಾಧಾನವೇ ಆಯಿತು.

ಸೇನಾ ಮುಖ್ಯಸ್ಥರ ಕಚೇರಿ ಬಹುಕಾಲ ಇದ್ದ ಸೌತ್ ಬ್ಲಾಕ್ ಎದುರು ದೊಡ್ಡಮ್ಮನವರು ಕೊಡೆಯನ್ನು ಬಗಲಿಗೇರಿಸಿ ಸೆಲ್ಯೂಟ್ ಹೊಡೆದರು. 1949ರ ಜನವರಿ 15ರಂದು ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಮೇಲೆ ಅದು ಅವರ ಪಾಲಿಗೆ ನಮ್ಮವರ ಆಫೀಸು.

ಮರುದಿನದ ಸಂಕಟಕ್ಕೆ ಮಾತ್ರ ಯಾವ ಶಿಲ್ಪಿಯೂ ಕಾರಣನಲ್ಲ. ಒಂದು ದೊಡ್ಡ ಸರ್ಕಾರಿ ಕಟ್ಟಡವನ್ನು ಒಳಗಿನಿಂದ ನೋಡಲು ಮುಂಗಡ ಹೆಸರು ಬರೆಸಿ, ಗುರುತಿನ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದೆವು. ಸಂಜೆ ಅಕ್ಕನ ಮನೆಗೆ ಕೊಡಲೆಂದು ದೊಡ್ಡಮ್ಮನವರ ಚೀಲದಲ್ಲಿ ಕಾಚಂಪುಳಿಯ ಶೀಶೆಯಿತ್ತು. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಟಾರಿನಷ್ಟು ಕಪ್ಪಾಗಿಸುವ ಈ ಹುಳಿಯಿಲ್ಲದೆ ನಮ್ಮಲ್ಲಿ ಹಂದಿ ಮಾಂಸದ ಸಾರಾಗುವುದಿಲ್ಲ. ಶೀಶೆ ಮಿಲಿಟರಿ ಕ್ಯಾಂಟೀನಿನ ರಮ್ಮಿನದು. ಅರ್ಧ ಕೆರೆದ ಲೇಬಲ್, ಬಾಯಿಗೆ ಪ್ಲಾಸ್ಟಿಕ್ ಸುತ್ತಿ ಎರಡು ರಬ್ಬರ್ ಬ್ಯಾಂಡ್.

"ದಾರೂ?" ಎಂದರು ಕಾವಲಿನವರು. ಅಲ್ಲವೇ ಅಲ್ಲ ಎಂದೆ. ಮತ್ತೇನು ಎಂದರು. ವಿನಿಗರ್‌ಗೆ ಹಿಂದಿಯಲ್ಲಿ ಸಿರ್ಕಾ ಎನ್ನುತ್ತಾರೆಂದು ಆಗ ನನಗೆ ತಿಳಿದಿರಲಿಲ್ಲ. ಹುಳಿಯೆಂದರೆ ಆಮ್ಲ, ಆಮ್ಲವೆಂದರೆ ಎಲ್ಲರಿಗೂ ಅರ್ಥವಾಗುವ ಆ ಇಂಗ್ಲಿಷ್ ಪದ ಎಂದು ಮನಸ್ಸಿನಲ್ಲೇ ಮೆಟ್ಟಿಲಿಳಿದು, ಬಹಳ ವಿನಯದಿಂದ "ಏಕ್ ತರಹ್ ಕಾ ಆಸಿಡ್" ಎಂದೆ.

ಶೀಶೆ ಹಿಡಿದಿದ್ದ ಕೈ ಅದನ್ನು ಮೆಲ್ಲನೆ ಮೇಜಿನ ಮೇಲಿಟ್ಟಿತು. ನಮ್ಮ ಹಿಂದಿನ ಸಾಲು ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಎಲ್ಲಿಂದಲೋ ಇನ್ನಿಬ್ಬರು ಬಂದರು. ನಾನು ಬೆವರುತ್ತ ಪದ ಹುಡುಕುತ್ತಿರುವಾಗ ದೊಡ್ಡಮ್ಮನವರು ರಬ್ಬರ್ ಬ್ಯಾಂಡ್ ಬಿಚ್ಚಿ, ಅಂಗೈಗೆ ಎರಡು ಹನಿ ಸುರಿದುಕೊಂಡು ನೆಕ್ಕಿಯೇಬಿಟ್ಟರು. ಎಡಗಣ್ಣು ಮುಚ್ಚಿತು, ಕೆನ್ನೆಗಳು ಒಳಗೆ ಸೇರಿದವು, ನಾಲಿಗೆ 'ಚಟ್' ಎಂದಿತು. ಆ ಮುಖ ನೋಡಿ ಕಾವಲಿನವರು ನಕ್ಕರು. ನಕ್ಕರೂ ನಿಯಮ ನಿಯಮವೇ: ಶೀಶೆ ಒಳಗೆ ಹೋಗುವಂತಿಲ್ಲ. ಅದನ್ನು ಅಲ್ಲಿ ಬಿಟ್ಟು ಹೋಗಲು ದೊಡ್ಡಮ್ಮನವರೂ ಒಪ್ಪಲಿಲ್ಲ.

ಹೀಗೆ ಅವರು ಒಬ್ಬರೇ ಗುಂಪಿನೊಂದಿಗೆ ಒಳಗೆ ಹೋದರು. ನಾನು ಹೊರಗೆ ಬೇವಿನ ಮರದಡಿ ರಮ್ಮಿನ ಶೀಶೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೋಗಿಬರುವ ಮರ್ಯಾದಸ್ಥರ ದೃಷ್ಟಿಯನ್ನು ಸಹಿಸುತ್ತ ಒಂದೂವರೆ ಗಂಟೆ ಕುಳಿತಿದ್ದೆ.

ಹೊರಬಂದವರನ್ನು ಹೇಗಿತ್ತೆಂದು ಕೇಳಿದೆ. "ಅದಿರಲಿ, ಶೀಶೆ ಸೋರಲಿಲ್ಲ ತಾನೆ?" ಎಂದರು. ನಾನು ಎದ್ದು ನಿಂತು ಪ್ಯಾಂಟಿನ ಮೇಲಿನ ಕಪ್ಪು ಕಲೆಯನ್ನು ತೋರಿಸಿದೆ.