ಲೋ, ಎಲ್ಲಿದೀಯಾ?

ಬಯಲಲ್ಲಿ ಟೆಂಟ್ ಹಾಕಿಕೊಂಡು, ಎರಡು ಮೂರು ದಿನ ಹಗಲೂ ರಾತ್ರಿ ನಡೆಯುವ ಸಂಗೀತೋತ್ಸವಕ್ಕೆ ಗೆಳೆಯರ ಜೊತೆ ಹೋಗಿದ್ದೀರಾ? ಹೋಗಿದ್ದರೆ, ಅಲ್ಲಿ ಅತಿ ಹೆಚ್ಚು ಕೇಳಿಬರುವ ಸಾಲು ಯಾವುದು ಅಂತ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಯಾವ ಬ್ಯಾಂಡೂ ಬರೆದಿಲ್ಲ. "ಲೋ, ಎಲ್ಲಿದೀಯಾ?" ಮಧ್ಯಾಹ್ನ ಮಂದ್ರದಲ್ಲಿ ಶುರುವಾಗುವ ಈ ಸಾಲು ರಾತ್ರಿ ಹನ್ನೆರಡರ ಹೊತ್ತಿಗೆ ತಾರಕಕ್ಕೆ ಏರಿರುತ್ತದೆ. ಆಮೇಲೆ ಹೆಸರಿನ ಜೊತೆ ಒಂದೆರಡು ಬಿರುದುಗಳೂ ಸೇರಿಕೊಳ್ಳುತ್ತವೆ.

ಹೊರಡುವ ಮುಂಚೆ ಇಂಥದ್ದೇನೂ ಆಗುತ್ತದೆ ಅಂತ ಯಾರಿಗೂ ಅನಿಸುವುದಿಲ್ಲ. "ಎಲ್ರೂ ಒಟ್ಟಿಗೇ ಇರೋಣ" ಅಂತ ವಾಟ್ಸ್ಆಪ್ ಗ್ರೂಪಿನಲ್ಲಿ ಪಕ್ಕಾ ಆಗಿರುತ್ತದೆ. ಒಡಕು ಬರುವುದು ಕಾರ್ಯಕ್ರಮ ಪಟ್ಟಿ ಬಂದ ದಿನ. ಒಂದೇ ಹೊತ್ತಿಗೆ ಮೂರು ಸ್ಟೇಜಿನಲ್ಲಿ ಮೂರು ಜನ. ಗುಂಪಿನಲ್ಲಿ ಒಬ್ಬ ಬಣ್ಣಬಣ್ಣದ ಪೆನ್ನು ಹಿಡಿದು ಟೈಮ್‌ಟೇಬಲ್ ಹಾಕುತ್ತಾನೆ, ಪರೀಕ್ಷೆಗೂ ಅಷ್ಟು ಓದಿರಲಿಕ್ಕಿಲ್ಲ. ಇನ್ನೊಬ್ಬಳು ಬಂದಿರುವುದೇ ಒಂದು ಬ್ಯಾಂಡಿಗೋಸ್ಕರ. ಉಳಿದದ್ದೆಲ್ಲ ಅವಳ ಲೆಕ್ಕಕ್ಕೆ ಬರೀ ಗದ್ದಲ. ಮತ್ತೊಬ್ಬನಿಗೆ ಯಾವ ಬ್ಯಾಂಡಿನ ಹೆಸರೂ ಗೊತ್ತಿಲ್ಲ. ನೀವೆಲ್ಲ ಹೊರಟಿರಿ, ಅವನೂ ಬ್ಯಾಗ್ ಏರಿಸಿದ. ನನ್ನ ಕೇಳಿದರೆ ಈ ಮೂರನೆಯವನನ್ನು ಮಾತ್ರ ಬಿಡಬಾರದು. ಅವನಿಗೆ ನಿರೀಕ್ಷೆಯೇ ಇಲ್ಲ, ಹಾಗಾಗಿ ಮುಖ ಸಪ್ಪಗಾಗುವ ಪ್ರಶ್ನೆಯೂ ಇಲ್ಲ. ಟೆಂಟಿನ ಗೂಟ ಹೊಡೆಯುವುದಕ್ಕೆ ಕೈ ಹಾಕುವವನೂ ಅವನೇ.

ಅರುಣಾಚಲ ಪ್ರದೇಶದ ಜೀರೋ ಕಣಿವೆಯಲ್ಲಿ 2012ರಿಂದ ನಡೆಯುತ್ತಿರುವ ಉತ್ಸವದಲ್ಲಿ ಹಗಲಿಗೆ ಒಂದು ಸ್ಟೇಜ್, ರಾತ್ರಿಗೆ ಒಂದು. ಹೆಸರೂ ಹಾಗೇ: ದಾನ್ಯಿ ಅಂದರೆ ಸೂರ್ಯ, ಪಿಲೋ ಅಂದರೆ ಚಂದ್ರ. ಸೂರ್ಯ ಮುಳುಗಿದ ಮೇಲೆ ಎಲ್ಲರೂ ಚಂದ್ರನ ಕಡೆ ನಡೆದರೆ ಆಯಿತು. ಜಗಳಕ್ಕೆ ಜಾಗವೇ ಕಡಿಮೆ. ಹತ್ತಾರು ಸ್ಟೇಜ್ ಕಟ್ಟುವವರು ಇದನ್ನೊಮ್ಮೆ ನೋಡಬೇಕು.

ಆದರೂ ಜನ ಚದುರುವುದು ಸ್ಟೇಜಿನಿಂದಲೇ ಅಂತೇನಿಲ್ಲ. "ಎರಡೇ ನಿಮಿಷ, ಬಂದೆ" ಅಂತ ಟಾಯ್ಲೆಟ್ ಕ್ಯೂಗೆ ಹೋದವನು ಎರಡು ಬ್ಯಾಂಡ್ ಮುಗಿದ ಮೇಲೂ ಪತ್ತೆ ಇರುವುದಿಲ್ಲ. ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಕೈ ಎತ್ತಿರುತ್ತದೆ. ಸುತ್ತಲಿನ ನಾಲ್ಕು ಮನೆಗಳಿಗೆ ಅಂತ ನಿಲ್ಲಿಸಿದ ಟವರಿಗೆ ಒಂದೇ ಸಲ ಹತ್ತಾರು ಸಾವಿರ ಫೋನು ಜೋತುಬಿದ್ದರೆ ಅದಾದರೂ ಏನು ಮಾಡೀತು? "ಬೇಗ ಬಾರೋ, ಶುರುವಾಯ್ತು" ಅನ್ನುವ ಮೆಸೇಜು ಎಲ್ಲ ಮುಗಿದು, ಟೆಂಟಿಗೆ ಬಂದು, ಶೂ ಬಿಚ್ಚುವಾಗ ಟಣ್ ಅನ್ನುತ್ತದೆ. ಅದರ ಹಿಂದೆಯೇ ಇನ್ನೂ ಒಂಬತ್ತು. ಕೊನೆಯದರಲ್ಲಿ ಬರೀ ಬೈಗುಳ.

ಅಪ್ಪಿತಪ್ಪಿ ಕಾಲ್ ಹೋಯಿತು ಅನ್ನಿ, ಸಿಗುವ ಉತ್ತರ ಇದು: "ಎಡಗಡೆ ದೊಡ್ಡ ಸ್ಪೀಕರ್ ಹತ್ರ ಇದೀನಿ." ಯಾರ ಎಡಗಡೆ ಮಾರಾಯ? ನಮ್ಮ ಎಡವೋ, ಹಾಡುವವನ ಎಡವೋ? ದೊಡ್ಡ ಸ್ಪೀಕರ್ ಅಂದರೂ ಒಂದೇ ಇರುತ್ತದಾ! ಶಬ್ದ ಓಡುವುದು ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ. ಸ್ಟೇಜಿನಿಂದ 100 ಮೀಟರ್ ಹಿಂದೆ ನಿಂತವನಿಗೆ ಡ್ರಮ್ಮಿನ ಏಟು ಕಣ್ಣಿಗೆ ಕಂಡು, ಹೆಚ್ಚುಕಡಿಮೆ 0.3 ಸೆಕೆಂಡ್ ಆದಮೇಲೆ ಕಿವಿಗೆ ಬೀಳುತ್ತದೆ. ಅದಕ್ಕೇ ಹಿಂದಿನವರಿಗೆ ಅಂತ ಮೈದಾನದ ನಡುವೆ ಎತ್ತರಕ್ಕೆ ಕಟ್ಟುವ ಸ್ಪೀಕರುಗಳಲ್ಲಿ ಸೌಂಡ್ ಎಂಜಿನಿಯರುಗಳು ಬೇಕಂತಲೇ ಹಾಡನ್ನು ಅಷ್ಟೇ ತಡ ಮಾಡಿ ಬಿಡುತ್ತಾರೆ. ಇಲ್ಲದಿದ್ದರೆ ಒಂದೇ ಏಟು ಎರಡು ಸಲ ಕೇಳಿಸುತ್ತದೆ. ಅಂದರೆ ಮುಂದೆ ನಿಂತ ಗೆಳತಿಯೂ ಹಿಂದೆ ನಿಂತ ನೀವೂ ಒಂದೇ ಹಾಡಿಗೆ ಒಂದೇ ಕ್ಷಣದಲ್ಲಿ ಕುಣಿಯುವುದು ಸಾಧ್ಯವೇ ಇಲ್ಲ. ಪಕ್ಕಪಕ್ಕ ನಿಂತರೆ ಮಾತ್ರ ತಾಳ ಕೂಡೀತು.

ಈ ಹುಡುಕಾಟ ಹೊಸದೇನಲ್ಲ. 1969ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವವನ್ನೇ ನೋಡಿ. ಆ ಉತ್ಸವವೇ ತನ್ನ ಊರಿನಲ್ಲಿ ಇರಲಿಲ್ಲ! ವುಡ್‌ಸ್ಟಾಕ್ ಊರಿನಿಂದ 60 ಕಿಲೋಮೀಟರಿಗೂ ಜಾಸ್ತಿ ದೂರದ ಬೆತೆಲ್‌ನಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರರ ಜಮೀನಿನಲ್ಲಿ ಅದು ನಡೆಯಿತು. 4 ಲಕ್ಷದಷ್ಟು ಜನ, ಮೇಲೆ ಮಳೆ, ಕೆಳಗೆ ಕೆಸರು. ಮೊಬೈಲ್ ಇಲ್ಲದ ಕಾಲ. ಇಂಥವರು ಇಂಥಲ್ಲಿಗೆ ಬರಬೇಕು ಅಂತ ಹಾಡುಗಳ ನಡುವೆ ಸ್ಟೇಜಿನ ಮೈಕಿನಿಂದಲೇ ಕೂಗುತ್ತಿದ್ದರು. ಕೊನೆಗೆ ಜಿಮಿ ಹೆಂಡ್ರಿಕ್ಸ್ ಗಿಟಾರ್ ಹಿಡಿದು ಬಂದದ್ದು ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ಬಹುಪಾಲು ಜನ ಜಾಗ ಖಾಲಿ ಮಾಡಿದ್ದರು. ಆತನೂ "ಎಲ್ಲಪ್ಪಾ ಎಲ್ರೂ?" ಅಂದುಕೊಂಡಿರಬೇಕು.

ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವವನ್ನು 1970ರಲ್ಲಿ ಶುರು ಮಾಡಿದ ಮೈಕೆಲ್ ಈವಿಸ್ ಕೂಡ ಹೈನುಗಾರರೇ. ಹಸುಗಳಿಗೂ ರಾಕ್ ಸಂಗೀತಕ್ಕೂ ಏನು ಋಣಾನುಬಂಧವೋ! ಮೊದಲ ವರ್ಷ 1 ಪೌಂಡಿನ ಟಿಕೆಟ್ ತಗೊಂಡರೆ ಹಾಲು ಪುಕ್ಕಟೆ. ಬಂದವರು ಸುಮಾರು 1,500. ಅಷ್ಟು ಜನರ ನಡುವೆ ಗೆಳೆಯನನ್ನು ಕಳೆದುಕೊಳ್ಳಬೇಕಾದರೆ ಬಹಳ ಕಷ್ಟಪಡಬೇಕಿತ್ತು. ಈಗ ಅಲ್ಲಿ 2 ಲಕ್ಷದಷ್ಟು ಮಂದಿ. ಅದಕ್ಕೇ ಗುಂಪುಗುಂಪಿನವರೂ ಉದ್ದ ಕೋಲಿಗೆ ಚಿತ್ರವಿಚಿತ್ರ ಬಾವುಟ ಕಟ್ಟಿಕೊಂಡು ಬರುತ್ತಾರೆ. ಉಪಾಯವೇನೋ ಚೆನ್ನಾಗಿದೆ. ಆದರೆ ಎಲ್ಲರೂ ಬಾವುಟ ಎತ್ತಿದರೆ ಹಿಂದಿನವರಿಗೆ ಬಾವುಟವೇ ಕಛೇರಿ.

ಇನ್ನು ರಾತ್ರಿ ಟೆಂಟ್ ಹುಡುಕುವುದು. ಹಗಲಲ್ಲಿ "ನಮ್ದು ನೀಲಿ ಟೆಂಟು" ಅಂತ ಗುರುತು ಇಟ್ಟುಕೊಂಡದ್ದು ಎಷ್ಟು ಧೈರ್ಯದಿಂದ! ಕತ್ತಲಲ್ಲಿ ಎಲ್ಲ ಟೆಂಟೂ ಒಂದೇ ಬಣ್ಣ. ಟೆಂಟಿನಿಂದ ನೆಲದ ಗೂಟಕ್ಕೆ ಎಳೆದ ಹಗ್ಗಗಳು ಮೊಣಕಾಲಿನ ಕೆಳಗೆ ಕಾದು ಕೂತಿರುತ್ತವೆ. ಒಂದನ್ನು ಎಡವಿದರೆ ಒಳಗಿಂದ ಯಾರೋ ನಿದ್ದೆಗಣ್ಣಲ್ಲಿ ಗೊಣಗುತ್ತಾರೆ. ಇದೇ ಇರಬೇಕು ಅಂತ ಜಿಪ್ ಎಳೆದರೆ ಒಳಗೆ ಆರು ಪಾದ. ಟಾರ್ಚ್ ಬಿಟ್ಟು ನೋಡಿದರೆ ಒಂದೂ ಪರಿಚಯದ್ದಲ್ಲ.

ಅಂತೂ ನಮ್ಮದು ಸಿಕ್ಕಿತು, ಒರಗಿದ್ದೂ ಆಯಿತು. ಈಗ ನಿಜವಾದ ಕೇಳ್ಮೆ. ದೂರದ ಸ್ಟೇಜಿನ ಬೇಸ್, ಅಂದರೆ ತಗ್ಗಿನ ಸ್ವರ, ಮಾತ್ರ ಧುಮ್ ಧುಮ್ ಅಂತ ನೆಲದಿಂದ ಬೆನ್ನಿಗೆ ಬರುತ್ತದೆ. ಗಾಳಿ ಮೇಲಿನ ಸ್ವರಗಳನ್ನು ಹೀರಿಕೊಂಡು ಕೆಳಗಿನವನ್ನು ಬಿಟ್ಟುಕೊಡುತ್ತದೆ. ಅದೂ ಅಲ್ಲದೆ ರಾತ್ರಿ ನೆಲದ ಹತ್ತಿರದ ಗಾಳಿ ಬೇಗ ತಣ್ಣಗಾಗುತ್ತದಲ್ಲ, ಮೇಲಕ್ಕೆ ಹೋಗಬೇಕಾದ ಶಬ್ದ ಬಾಗಿ ಮತ್ತೆ ಕೆಳಗೇ ಬರುತ್ತದೆ. ಹಾಗಾಗಿ ಹಗಲಲ್ಲಿ ಕೇಳಿಸದ ಸ್ಟೇಜು ನಡುರಾತ್ರಿ ಪಕ್ಕದಲ್ಲೇ ಇದ್ದಂತೆ ಅನಿಸುತ್ತದೆ. ಹಾಡು ಯಾವುದು ಅಂತ ಬೇಸ್ ಮೇಲೇ ಊಹಿಸುವ ಪಂದ್ಯ ನಡೆಯುತ್ತದೆ. ಎಲ್ಲರ ಉಸಿರಿನ ಹಬೆ ಟೆಂಟಿನ ಬಟ್ಟೆಗೆ ತಾಗಿ, ಹನಿಗಟ್ಟಿ, ಒಬ್ಬರ ಮೂಗಿನ ಮೇಲೆ ಸರಿಯಾಗಿ ಬೀಳುತ್ತದೆ. ಮಳೆ ಬಂತು ಅಂತ ಅವರು ಎದ್ದು ಕೂರುತ್ತಾರೆ. ಆಗಲೇ ತಲೆ ಎಣಿಸಿ ನೋಡುವುದು. ಒಂದು ಸ್ಲೀಪಿಂಗ್ ಬ್ಯಾಗ್ ಖಾಲಿ! ಟಾಯ್ಲೆಟ್ಟಿಗೆ ಹೋದವನು, ಅದೇ ಮೂರನೆಯವನು.

ಅವನು ಬರುವುದು ಬೆಳಗಿನ ಬಿಸಿಲಿಗೆ ಟೆಂಟ್ ಕಾದು ಎಲ್ಲರೂ ಹೊರಗೆ ಬಂದು ಕೂತ ಮೇಲೆ. ಮುಖ ಅರಳಿದೆ. "ಎಂಥ ಬ್ಯಾಂಡ್ ಗೊತ್ತಾ! ಆ ಮೂಲೆ ಸ್ಟೇಜಲ್ಲಿ. ಮುಂದೆ ನಾನೊಬ್ಬನೇ. ನನಗೋಸ್ಕರ ಒಂದೇ ಹಾಡನ್ನ ಮತ್ತೆ ಮತ್ತೆ ನುಡಿಸಿದ್ರು ಕಣ್ರೋ." ಪೆನ್ನಿನವನು ಟೈಮ್‌ಟೇಬಲ್ ಬಿಚ್ಚಿ, ಬೆರಳಿಟ್ಟು, ಆ ಸ್ಟೇಜು, ಆ ಹೊತ್ತು ಹುಡುಕುತ್ತಾನೆ. ಆ ಮನೆ ಖಾಲಿ. "ಲೋ, ಅದು ಸೌಂಡ್ ಚೆಕ್ ಕಣೋ!"

"ಇರಲಿ ಬಿಡೋ," ಅನ್ನುತ್ತಾನೆ ಮಹಾಶಯ, "ನಿಮ್ಮ ಎಲ್ಲ ಬ್ಯಾಂಡಿಗಿಂತ ಚೆನ್ನಾಗಿತ್ತು."