ಹುಲಿ, ಮೇಕೆ, ಹುಲ್ಲಿನ ಕಂತೆ ಮತ್ತು ಕಾರಿನ ಕೀ

ಚಿಕ್ಕವರಿದ್ದಾಗ ಬಿಡಿಸಿದ ಆ ಒಗಟು ನೆನಪಿದೆ ಅಲ್ವಾ? ಒಬ್ಬ ಅಂಬಿಗ. ಒಂದು ಹುಲಿ, ಒಂದು ಮೇಕೆ, ಒಂದು ಕಂತೆ ಹುಲ್ಲು. ಒಂದು ಸಲಕ್ಕೆ ಒಂದನ್ನು ಮಾತ್ರ ದೋಣಿಗೆ ಹತ್ತಿಸಬಹುದು. ಯಾರೂ ಯಾರನ್ನೂ ತಿನ್ನದ ಹಾಗೆ ನದಿ ದಾಟಿಸಬೇಕು. ಆಗ ಬಲು ಕಷ್ಟ ಅನಿಸಿತ್ತು. ಈಗ ಆ ಅಂಬಿಗನನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅವನ ಹತ್ತಿರ ಕಾರು ಇರಲಿಲ್ಲ.

ನಾವು ನಾಲ್ಕು ಜನ ಗೆಳೆಯರು. ನಾಲ್ಕು ಕಯಾಕ್, ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ. ಎರಡು ಕಾರು. ಬೇಸಿಗೆ ರಜೆಯಲ್ಲಿ ಜಂಜಾಟವೆಲ್ಲ ಬಿಟ್ಟು ನದಿ ಹರಿದ ಹಾಗೆ ನಾಲ್ಕು ದಿನ ಇದ್ದು ಬರೋಣ ಎಂದು ಹೊರಟೆವು. ಇದರಲ್ಲಿ ಒಂದೇ ಒಂದು ತೊಡಕಿದೆ. ನದಿ ವಾಪಸ್ ಬರಲ್ಲ. ನಾವು ಬರಬೇಕು.

ಈ ವಾಪಸ್ ಬರುವ ಕಸರತ್ತಿಗೆ ಕಯಾಕಿಂಗ್ ಮಂದಿ ಶಟಲ್ ಅನ್ನುತ್ತಾರೆ. ಲೆಕ್ಕ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಮೊದಲು ಎಲ್ಲರೂ ಎರಡೂ ಕಾರಲ್ಲಿ ನೀರಿಗಿಳಿಯುವ ಜಾಗಕ್ಕೆ ಹೋಗಬೇಕು. ಅಲ್ಲಿ ದೋಣಿ ಇಳಿಸಿ ಇಬ್ಬರನ್ನು ಕಾವಲಿಗೆ ಕೂರಿಸಬೇಕು. ಉಳಿದ ಇಬ್ಬರು ಒಂದೊಂದು ಕಾರು ಓಡಿಸಿಕೊಂಡು ಕೆಳಗೆ, ದಡ ಹತ್ತುವ ಜಾಗಕ್ಕೆ. ಅಲ್ಲಿ ಒಂದು ಕಾರು ಬಿಟ್ಟು ಇನ್ನೊಂದರಲ್ಲಿ ಇಬ್ಬರೂ ಮೇಲಕ್ಕೆ. ಆಮೇಲೆ ನದಿ. ನದಿ ಮುಗಿದ ಮೇಲೆ ಕೆಳಗಿನ ಕಾರು ಹತ್ತಿ ಮತ್ತೆ ಮೇಲಕ್ಕೆ, ಅಲ್ಲಿ ನಿಂತಿರುವ ಕಾರಿಗಾಗಿ. ಅದನ್ನು ತೆಗೆದುಕೊಂಡು ಮತ್ತೆ ಕೆಳಕ್ಕೆ, ಅಲ್ಲಿ ಬಿದ್ದಿರುವ ದೋಣಿಗಳಿಗಾಗಿ. ನಾವು ಆರಿಸಿದ ನದಿ 12 ಕಿ.ಮೀ. ಗುಡ್ಡ ಸುತ್ತಿ ಹೋಗುವ ರಸ್ತೆ 30 ಕಿ.ಮೀ. ನಾಲ್ಕು ಸಲಕ್ಕೆ 120. ನೀರಿನಲ್ಲಿದ್ದದ್ದು ಎರಡೂವರೆ ಗಂಟೆ. ಮಿಕ್ಕ ಪ್ರಕೃತಿಯನ್ನೆಲ್ಲ ನಾನು ಸವಿದದ್ದು ಮುಂದಿನ ಲಾರಿಯ ಹೊಗೆಯ ಮೂಲಕ.

ಕಯಾಕ್ ಕಟ್ಟಿದವರು ಆರ್ಕ್ಟಿಕ್ ಸೀಮೆಯ ಬೇಟೆಗಾರರು. ತೇಲಿ ಬಂದ ಮರ, ಎಲುಬು ಸೇರಿಸಿ ಚೌಕಟ್ಟು ಮಾಡಿ, ಸೀಲ್ ಚರ್ಮ ಹೊದಿಸಿ, ತಮ್ಮ ಮೈ ಅಳತೆಗೆ ಮಾಡಿಕೊಳ್ಳುತ್ತಿದ್ದರು. ಹೊರಟ ದಡಕ್ಕೇ ವಾಪಸ್ ಬರುತ್ತಿದ್ದರು. ಬರುವಾಗ ಊಟ ತರುತ್ತಿದ್ದರು. ನಾವು ಬೇರೆ ದಡಕ್ಕೆ ಬಂದು ಸೇರುತ್ತೇವೆ, ಊಟ ಇನ್ನೊಂದು ಕಾರಲ್ಲಿ ಉಳಿದಿರುತ್ತದೆ.

ಇನ್ನು ಸರಳ ಬದುಕಿನ ಸಾಮಾನು. ಟೆಂಟು, ಮಡಚುವ ಮೇಜು, ಮಡಚುವ ಕುರ್ಚಿ, ಗಾಳಿ ತುಂಬುವ ಸೋಫಾ, ಫ್ರಿಜ್, ಫ್ರಿಜ್‌ಗೆ ಬ್ಯಾಟರಿ, ಬ್ಯಾಟರಿಗೆ ಸೋಲಾರ್. ಮನೆ ಬಿಟ್ಟು ಹೊರಡುವುದು ಅಂದರೆ ಮನೆಯನ್ನೇ ಬೆಲ್ಟಿನಲ್ಲಿ ಬಿಗಿದು ಕಾರಿನ ತಲೆ ಮೇಲೆ ಹೊರುವುದು. ಆ ಬೆಲ್ಟೋ, ವೇಗ ಸ್ವಲ್ಪ ಏರಿದರೆ ತಂಬೂರಿ ಮೀಟಿದ ಹಾಗೆ ಗುಂಯ್ ಅನ್ನುತ್ತದೆ. ಕಟ್ಟುವಾಗ ಒಂದೇ ಒಂದು ಸುತ್ತು ತಿರುಚಿ ಕಟ್ಟಿದ್ದರೆ ಸದ್ದೇ ಇರುವುದಿಲ್ಲ. ಇದು ನಾಲ್ವರಿಗೂ ಗೊತ್ತು. ಕಟ್ಟಿದವನು ಯಾರು ಎಂಬ ವಿಚಾರಣೆಯಲ್ಲೇ ಮೊದಲ ದಿನ ಕಳೆಯಿತು.

ಹೋಗಲಿ, ನದಿಯಾದರೂ ಕಾಡು ನದಿ ಅಲ್ವಾ? ಅದೂ ಅನುಮಾನವೇ. ಅಮೆರಿಕದ ಟೆನೆಸ್ಸಿಯಲ್ಲಿ ಒಕೋಯಿ ಅಂತ ಹೆಸರುವಾಸಿ ನದಿ ಇದೆ. ಅದರ ನೀರನ್ನು ವಿದ್ಯುತ್ತಿಗಾಗಿ ಮರದ ಕಾಲುವೆಗೆ ತಿರುಗಿಸಿ, ಪಾತ್ರವನ್ನು ದಶಕಗಟ್ಟಲೆ ಒಣಗಿಸಿದ್ದರು. 1976ರಲ್ಲಿ ಕಾಲುವೆ ರಿಪೇರಿಗೆ ಬಂತು, ನೀರು ಹಳೇ ದಾರಿಗೆ ಮರಳಿತು. ಕಯಾಕಿನವರು ಓಡೋಡಿ ಬಂದರು. ಕಾಲುವೆ ಸರಿಹೋಯಿತು, ಜನ ಹೋಗಲಿಲ್ಲ. ಈಗ ಅಲ್ಲಿ ನದಿಗೆ ಟೈಮ್ ಟೇಬಲ್ ಇದೆ. ಇಂಥ ದಿನ ಇಷ್ಟು ಗಂಟೆಗೆ ನೀರು ಬಿಡುತ್ತಾರೆ, ಇಷ್ಟಕ್ಕೆ ನಿಲ್ಲಿಸುತ್ತಾರೆ. ನದಿ ತನ್ನ ಪಾತ್ರದಲ್ಲಿ ಹರಿದದ್ದರಿಂದ ವಿದ್ಯುತ್ ನಷ್ಟವಾಯಿತು ಅಂತ ಅದಕ್ಕೆ ಪರಿಹಾರ ಬೇರೆ! 1996ರ ಒಲಿಂಪಿಕ್ಸ್ ಬಂದಾಗ ಅದೇ ನದಿಯ ಮೇಲ್ಭಾಗದಲ್ಲಿ ಬಂಡೆ ತಂದು ಜೋಡಿಸಿ, ಪಾತ್ರ ಕಿರಿದು ಮಾಡಿ, ಬೇಕಾದ ಕಡೆ ಬೇಕಾದಷ್ಟು ರಭಸ ಕಟ್ಟಿಕೊಂಡರು. ನಲ್ಲಿ ನೀರು ಅಲ್ಲವಂತೆ, ಕಾಡು ನದಿಯಂತೆ. ಅಳಿಯ ಅಲ್ಲ, ಮಗಳ ಗಂಡ.

ನಿಯತ್ತಿನವರು ಅಂದರೆ ಸಿಡ್ನಿಯ ಜನ. 2000ದ ಒಲಿಂಪಿಕ್ಸ್‌ಗೆ ಪೆನ್ರಿತ್‌ನಲ್ಲಿ ಕಾಂಕ್ರೀಟ್ ನದಿ ಕಟ್ಟಿದರು, ಪಂಪ್ ಇಟ್ಟು ನೀರು ಮೇಲೆತ್ತಿದರು. ಕೆಳಗೆ ಬಂದ ಕಯಾಕನ್ನು, ಒಳಗೆ ಕೂತವನ ಸಮೇತ, ಕನ್ವೇಯರ್ ಬೆಲ್ಟು ಮೇಲಕ್ಕೆ ಒಯ್ಯುತ್ತದೆ. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಬರುತ್ತದಲ್ಲ, ಹಾಗೆ. ನಾವು ಮೊದಲು ನೋಡಿ ನಕ್ಕಿದ್ದೆವು. ಮೂರನೇ ಶಟಲ್ ಮುಗಿದ ಮೇಲೆ ಯಾರೂ ನಗುತ್ತಿರಲಿಲ್ಲ.

ನೀರಿನ ಬಿರುಸಿಗೆ ಒಂದರಿಂದ ಆರರವರೆಗೆ ಕ್ಲಾಸ್ ಇದೆ. ಆರು ಅಂದರೆ ಹೆಚ್ಚುಕಡಿಮೆ ಯಾರೂ ಇಳಿಯದ ನೀರು. ಆದರೆ ಜನ ಇಳಿದು, ದಾಟಿ, ಹಾಗೇ ಹಲವು ಸಲ ಆಯಿತು ಅನ್ನಿ, ಆಗ ಅದನ್ನು ಐದಕ್ಕೆ ಇಳಿಸಬಹುದು ಅಂತ ಅಮೆರಿಕನ್ ವೈಟ್‌ವಾಟರ್ ಸಂಸ್ಥೆಯ ಪಟ್ಟಿಯಲ್ಲೇ ಬರೆದಿದೆ. ದಾಟಲಾಗದ್ದು ಆರು, ದಾಟಿದರೆ ಅದು ಆರಲ್ಲ. ಹುಚ್ಚು ಬಿಡದ ಹೊರತು ಮದುವೆ ಇಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ.

ನಮ್ಮ ಗುಂಪಿನಲ್ಲಿ ಕ್ಲಾಸ್ ಇಳಿಯುವುದಿಲ್ಲ, ಏರುತ್ತದೆ. ಮಧ್ಯಾಹ್ನ ಎರಡಾಗಿದ್ದ ನೀರು ಸಂಜೆ ಬೆಂಕಿ ಸುತ್ತ ಕೂತಾಗ ಮೂರಾಗಿತ್ತು. ಕ್ಯಾಮೆರಾ ಗೆಳೆಯ ಫೋನ್ ಹಿಡಿಯುವ ಹೊತ್ತಿಗೆ ನಾಲ್ಕು. ಪಾಪ, ಅವನ ಕಷ್ಟ ಅವನಿಗೆ. ಹೆಲ್ಮೆಟ್ ಮೇಲಿನ ಆ ಅಗಲ ಲೆನ್ಸಿನ ಕ್ಯಾಮೆರಾ ಎಂಥ ಅಲೆಯನ್ನೂ ಚಪ್ಪಟೆ ಮಾಡಿಬಿಡುತ್ತದೆ. ಜೀವ ಬಾಯಿಗೆ ಬಂದ ಜಾಗ ವಿಡಿಯೋದಲ್ಲಿ ಗದ್ದೆಗೆ ನೀರು ಬಿಟ್ಟ ಹಾಗೆ ಕಾಣುತ್ತದೆ. ಅದಕ್ಕೆ ಅವನು ಹಿನ್ನೆಲೆಗೆ ಡೋಲು ಸೇರಿಸುತ್ತಾನೆ.

ಆ ದಿನ ಮಗುಚಿದವನು ಮಾತ್ರ ನಾನೇ. ಮಗುಚಿದರೆ ಸೊಂಟ ತಿರುವಿ ಮೇಲೆ ಬರಬೇಕು, ಅದಕ್ಕೆ ರೋಲ್ ಅನ್ನುತ್ತಾರೆ. ನಾನು ರೋಲ್ ಕಲಿತದ್ದು ಈಜುಕೊಳದಲ್ಲಿ. ಅಲ್ಲಿ ನೀರು ಬೆಚ್ಚಗಿತ್ತು, ತಳದಲ್ಲಿ ಬಂಡೆ ಇರಲಿಲ್ಲ. ಇಲ್ಲಿ ಎರಡು ಸಲ ತಿರುವಿದೆ, ಎರಡು ಸಲ ನೀರು ಕುಡಿದೆ, ಕೊನೆಗೆ ದೋಣಿ ಬಿಟ್ಟು ಈಜಿ ದಡ ಸೇರಿದೆ. "ನೀರು ಕಮ್ಮಿ ಇತ್ತು" ಅಂದೆ. ಕುಣಿಯಲಾರದವಳು ಇನ್ನೇನು ಹೇಳುತ್ತಾಳೆ? ದೋಣಿ ಬಿಟ್ಟು ಈಜಿದವನು ಶೂ ಬಿಚ್ಚಿ, ಅದರಲ್ಲಿ ಕುಡಿಯಬೇಕು ಎಂದು ಕಯಾಕಿನವರಲ್ಲಿ ಒಂದು ಪದ್ಧತಿ. ರಬ್ಬರಿನಂಥ ನಿಯೋಪ್ರೀನ್ ಶೂ. ನಾಲ್ಕು ದಿನದ್ದು. ಈ ಮಂದಿಯೇ ಮನೆಯಲ್ಲಿ ಎರಡು ಸಲ ಫಿಲ್ಟರ್ ಆಗದ ನೀರು ಮುಟ್ಟುವುದಿಲ್ಲ.

ಕುಡಿದು, ಬಾಯಿ ಒರೆಸಿಕೊಂಡು, ಕೆಳಗಿನ ಕಾರಿನ ಹತ್ತಿರ ಬಂದೆವು. ನಾಲ್ವರೂ ತೊಪ್ಪೆ. ಸೊಂಟಕ್ಕೆ ದೋಣಿಯೊಳಗೆ ನೀರು ನುಗ್ಗದಂತೆ ಕಟ್ಟುವ ಸ್ಪ್ರೇ ಸ್ಕರ್ಟ್, ತಲೆಗೆ ಹೆಲ್ಮೆಟ್. ಕಿಟಕಿ ಗಾಜಿನಾಚೆ ಒಣ ಟವೆಲ್ಲು, ಒಣ ಅಂಗಿ, ಮಡಚಿಟ್ಟ ಸೋಫಾ ಎಲ್ಲ ಚೆನ್ನಾಗಿ ಕಾಣುತ್ತಿತ್ತು.

"ಕೀ?" ಅಂದ ಒಬ್ಬ.

"ಪ್ಯಾಂಟ್ ಜೇಬಲ್ಲಿ," ಅಂದ ಇನ್ನೊಬ್ಬ.

"ಪ್ಯಾಂಟು?"

ಅವನು ಮಾತಾಡಲಿಲ್ಲ. ಗುಡ್ಡದ ಕಡೆ ನೋಡಿದ. ಹುಲಿ ಈ ದಡ, ಮೇಕೆ ಆ ದಡ, ಹುಲ್ಲು ಒದ್ದೆ.

ಅಲ್ಲೇ ಬಂಡೆ ಮೇಲೆ ವಯಸ್ಸಾದವರೊಬ್ಬರು ಗಾಳ ಹಾಕಿಕೊಂಡು ಕೂತಿದ್ದರು. ಬೆಳಿಗ್ಗೆ ನಾವು ಕಾರು ಬಿಡಲು ಬಂದಾಗಲೂ ಅಲ್ಲೇ, ಅದೇ ಬಂಡೆ ಮೇಲೆ ಇದ್ದರು. ಅವರ ಸಾಮಾನು ಅಂದರೆ ಒಂದು ಕೋಲು, ಒಂದು ಬಕೆಟ್ಟು. ನಮ್ಮನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಎಲ್ಲಿಂದ ಬಂದ್ರಿ?"

"ಮೇಲಿಂದ."

"ಈಗ ಎಲ್ಲಿಗೆ?"

"ಮೇಲಕ್ಕೇ ಹೋಗ್ಬೇಕು ಯಜಮಾನ್ರೇ, ಬೇರೆ ದಾರೀನೇ ಇಲ್ಲ."

ಅವರು ಗಾಳ ಪಕ್ಕಕ್ಕಿಟ್ಟು ಎದ್ದು ಬಂದರು. ನನ್ನ ಭುಜದ ಮೇಲೆ ಕೈ ಇಟ್ಟು ಮೆಲ್ಲಗೆ, "ಅಷ್ಟೆಲ್ಲ ಬೇಜಾರು ಮಾಡ್ಕೋಬೇಡ್ರಪ್ಪ" ಅಂದರು.