65 ದಾಟಿದವರ ಆರೋಗ್ಯ ವಿಮೆ: ಏಜೆಂಟ್‌ಗೆ ಶುಲ್ಕ ಕೊಡಬೇಕಾಗಿಲ್ಲ

65 ವರ್ಷ ದಾಟಿದವರಿಗೆ ಆರೋಗ್ಯ ವಿಮೆ ಸಿಗುವುದಿಲ್ಲ, ಏಜೆಂಟ್‌ಗೆ ಪ್ರತ್ಯೇಕ ಶುಲ್ಕ ಕೊಟ್ಟರೆ ಮಾತ್ರ ಮಾಡಿಸಿಕೊಡುತ್ತಾರೆ ಅಂತ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಎರಡೂ ತಪ್ಪು.

ಹೊಸ ಪಾಲಿಸಿ ಕೊಳ್ಳಲು ಇದ್ದ 65ರ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದಲೇ ತೆಗೆದಿದೆ. ಹಾಗಂತ ಎಲ್ಲರಿಗೂ ಖಂಡಿತ ಸಿಗುತ್ತದೆ ಅಂತಲ್ಲ, ಕಂಪನಿ ಆರೋಗ್ಯ ತಪಾಸಣೆ ಮಾಡಿಸಿ ಪ್ರೀಮಿಯಂ ಜಾಸ್ತಿ ಕೇಳಬಹುದು, ಬೇಡ ಅನ್ನಲೂಬಹುದು.

ನಾನೂ ವಿಮಾ ಏಜೆಂಟ್ ಕೆಲಸದಿಂದಲೇ ಮನೆ ನಡೆಸುವವನು. ನಮ್ಮ ಸಂಪಾದನೆ ಕಮಿಷನ್, ಅದನ್ನು ಕೊಡುವುದು ಕಂಪನಿ. ವರ್ಷ ವರ್ಷ ನವೀಕರಣವಾದಾಗಲೂ ಬರುತ್ತದೆ, ಅದಕ್ಕೇ ಹಳೆಯ ಗ್ರಾಹಕರ ನಂಬಿಕೆಯೇ ನಮಗೆ ಅನ್ನ. ಕೈಗೆ ನಗದು ಕೇಳಿದರೆ ಕೊಡಬೇಡಿ, ಪ್ರೀಮಿಯಂ ನೇರ ಕಂಪನಿಗೆ ಕಟ್ಟಿ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಅರ್ಜಿಯಲ್ಲಿ ಬರೆಸಲೇಬೇಕು. "ಸುಮ್ನೆ ಬಿಡಿ, ಯಾರು ನೋಡ್ತಾರೆ" ಅನ್ನುವ ಏಜೆಂಟ್ ನಿಮ್ಮ ಕ್ಲೇಮನ್ನೇ ಹಾಳು ಮಾಡುತ್ತಿದ್ದಾನೆ. ಬರೆಸಿದ ಕಾಯಿಲೆಗೆ ಕಾಯುವ ಅವಧಿ, ಅಂದರೆ ಆ ಕಾಯಿಲೆಗೆ ವಿಮೆ ಹಣ ಸಿಗದ ಆರಂಭದ ಕಾಲ, ಈಗ ಹೆಚ್ಚೆಂದರೆ 3 ವರ್ಷ.

70 ತುಂಬಿದವರಿಗೆ ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಉಚಿತ ಚಿಕಿತ್ಸೆ ಕೊಡುವ ಆಯುಷ್ಮಾನ್ ವಯೋವಂದನ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. ಆ ಯೋಜನೆಯ ಕಾರ್ಡ್ ಉಚಿತ, ಅದಕ್ಕೆ ಯಾವ ಏಜೆಂಟೂ ಬೇಕಿಲ್ಲ.